ಕೈಬಾವಿ ಬಂದ ವರ್ಷ

ನಮ್ಮೂರಿನ ಬಾವಿಗಳಿಗೆ ಹಗ್ಗವಿರಲಿಲ್ಲ, ರಾಟೆಯೂ ಇರಲಿಲ್ಲ. ಕೊಡ ಕಟ್ಟಿ ಇಳಿಬಿಟ್ಟರೆ ಮುಳುಗಿದ ಸಪ್ಪಳ ಕೇಳುತ್ತಿತ್ತು, ಎಳೆದರೆ ಒಣ ಕೊಡವೇ ಮೇಲೆ ಬರುತ್ತಿತ್ತು. ನೀರನ್ನು ಹಾಡಿ ಕರೆಯಬೇಕಾಗಿತ್ತು. ಒಳ್ಳೆಯ ಕೊರಳಿನ ಹೆಂಗಸೊಬ್ಬಳು ಕಟ್ಟೆಯ ಮೇಲೆ ನಿಂತು ದನಿ ಎತ್ತಿದರೆ ನೀರು ಕಲ್ಲಿನ ಸಂದುಗೊಂದುಗಳಿಂದ ಮೇಲೇರಿ ಬಾವಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ಅವಳು ಹಾಡುವಷ್ಟು ಹೊತ್ತು ಉಳಿದವರು ಬಗ್ಗಿ ಕೊಡ ತುಂಬಿಕೊಳ್ಳುತ್ತಿದ್ದರು. ಹಾಡು ನಿಂತರೆ ನೀರು ಇಳಿಯುತ್ತಿತ್ತು. ಹೊರಗಿನಿಂದ ಬಂದ ಬಳೆಗಾರರು, ಹೊಸ ಸೊಸೆಯರು ಮೊದಲ ದಿನ ಬಾಯಿ ಬಿಟ್ಟು ನೋಡುತ್ತಿದ್ದರು. ಮರುದಿನ ತಾವೂ ಕೊಡ ಹಿಡಿದು ಸಾಲಿನಲ್ಲಿ ಜಗಳಕ್ಕೆ ನಿಲ್ಲುತ್ತಿದ್ದರು.

ಆ ಹಾಡಿನಲ್ಲಿ ಮಾತಿರಲಿಲ್ಲ, ಬರಿಯ ದನಿ. ಮಾತು ಬೆರೆತರೆ ನೀರು ಅರ್ಧಕ್ಕೇ ನಿಂತುಬಿಡುತ್ತಿತ್ತು. ಬಾವಿಕಟ್ಟೆ ಬಿಟ್ಟು ಬೇರೆಲ್ಲೂ ಯಾರೂ ಹಾಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳು ಮೈಮರೆತು ರಾಗ ಎಳೆದರೆ ಓಣಿಯ ಬಾವಿ ಉಕ್ಕಿ ನೀರು ಬೀದಿಪಾಲಾಗುತ್ತಿತ್ತು, ಆಮೇಲೆ ಅವಳ ಮನೆಯವರು ಓಣಿಯವರ ಬೈಗುಳ ತಿನ್ನಬೇಕಾಗುತ್ತಿತ್ತು. ಹೀಗಾಗಿ ಬೀಸುವಾಗ, ಕುಟ್ಟುವಾಗ, ಮದುವೆಯಲ್ಲಿ, ಮಣ್ಣಿಗೆ ಹೋಗುವಾಗ ನಾವು ಮಾತಾಡುತ್ತಿದ್ದೆವು, ಅಳುತ್ತಿದ್ದೆವು, ಹಾಡುತ್ತಿರಲಿಲ್ಲ. ಹಾಡು ನೀರಿಗೆ ಮೀಸಲು.

ನೀರು ಕರೆಯುವ ಮನೆತನಗಳು ಕೆಲವಿದ್ದವು. ಆ ಮನೆಯ ಹೆಂಗಸರನ್ನು ಕರೆಗಾರ್ತಿಯರು ಎನ್ನುತ್ತಿದ್ದೆವು. ಬೆಳಿಗ್ಗೆ, ಸಂಜೆ ಅವರು ಓಣಿಗೆಲ್ಲ ನೀರು ಕರೆಯುತ್ತಿದ್ದರು. ಸುಗ್ಗಿಯಲ್ಲಿ ರಾಶಿ ಮುಗಿದ ಕೂಡಲೇ ಕಣದಿಂದ ಮೊದಲು ಹೊರಡುವ ಆಯದ ಕಾಳು ಅವರದು. ಅದಕ್ಕೆ ತಕ್ಕ ಕಷ್ಟವೂ ಅವರದೇ. ಹುಣಸೆಹಣ್ಣು ಮುಟ್ಟುವಂತಿಲ್ಲ, ಹಸಿಮೆಣಸಿನಕಾಯಿ ತಿನ್ನುವಂತಿಲ್ಲ, ಕೂಗಿ ಜಗಳಾಡುವಂತಿಲ್ಲ, ಹೊಟ್ಟೆ ಹಿಡಿದು ನಗುವಂತಿಲ್ಲ. ಏಳೆಂಟು ವರ್ಷದ ಹುಡುಗಿಯರೂ ಕೊರಳಿಗೆ ಬಟ್ಟೆ ಸುತ್ತಿಕೊಂಡು ಮುದುಕಿಯರಂತೆ ನಡೆಯುತ್ತಿದ್ದರು. ಅವರೆಲ್ಲರಲ್ಲಿ ಹಿರಿಯಳು ದೊಡ್ಡಬಾವಿಯ ಹಂಪವ್ವ. ಎತ್ತರದ, ಅಗಲ ಭುಜದ ಹೆಂಗಸು. ಅವಳು ಕಣ್ಣು ಮುಚ್ಚಿ ದನಿ ತೆಗೆದರೆ ಕರುವಿನ ಕೂಗು ಕೇಳಿದ ಆಕಳಿನಂತೆ ನೀರು ಓಡಿಬರುತ್ತಿತ್ತು. ನಾನು ಈಗಲೂ ಹೇಳುತ್ತೇನೆ, ಅಂಥ ದನಿಯನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ನನ್ನ ಕೊರಳಿಗೆ ನೀರು ಬರುತ್ತಿರಲಿಲ್ಲ. ಅದು ಕೊರಳಲ್ಲ, ಬಂಡಿಯ ಕೀಲಿಗೆ ಎಣ್ಣೆ ಹಾಕದಿದ್ದರೆ ಬರುತ್ತದಲ್ಲ, ಆ ಸಪ್ಪಳ. ಅವ್ವ ಈ ಸಂಗತಿ ಮುಚ್ಚಿಟ್ಟು, ಹೆಣ್ಣು ನೋಡಲು ಬಂದವರಿಗೆ "ಹುಡುಗಿಗೆ ನೆಗಡಿ ಆಗೇತಿ" ಎಂದು ಹೇಳಿ ಊರಿನಲ್ಲೇ ನನ್ನ ಮದುವೆ ಮಾಡಿದಳು. ಗಂಡನ ಮನೆಗೆ ಹೋದ ಹೊಸತರಲ್ಲೇ ಅತ್ತೆ ಬಾವಿಗೆ ಕರೆದುಕೊಂಡು ಹೋದಳು. "ಕರಿ ನೋಡೂಣು ಬಾಳವ್ವಾ" ಎಂದಳು. ನಾನು ಕರೆದೆ. ನೀರು ಒಂದು ಸಲ ಅಲುಗಿತು, ಸುಮ್ಮನಾಯಿತು. ಮತ್ತೆ ಕರೆದೆ. ಕಟ್ಟೆಯ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ಅತ್ತೆ ನನ್ನ ಮೇಲೆ ಕೂಗಾಡಲಿಲ್ಲ. ನನ್ನ ಕೈಯಿಂದ ಕೊಡ ತೆಗೆದುಕೊಂಡಳು, ಅಷ್ಟೇ. ವಾರದೊಳಗೆ ನನ್ನನ್ನು ತವರಿಗೆ ಕಳಿಸಿದರು, ಕರೆಯಲು ಯಾರೂ ಬರಲಿಲ್ಲ.

ನನ್ನಂಥವರನ್ನು ಬರಡುಗೊರಳು ಎನ್ನುತ್ತಿದ್ದರು. ನಾವು ಬಾವಿಯ ಹತ್ತಿರ ಸುಳಿದರೆ ಏರಿದ ನೀರು ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು, ನಾವೂ ನಂಬಿದ್ದೆವು. ದೊಡ್ಡಬಾವಿಯಿಂದ ದೂರ ಒಂದು ಬೇವಿನ ಗಿಡವಿತ್ತು. ಅದರ ಬುಡದಲ್ಲಿ ಕೊಡ ಇಟ್ಟುಕೊಂಡು ನಿಲ್ಲಬೇಕು. ಎಲ್ಲರದೂ ತುಂಬಿದ ಮೇಲೆ ಯಾರಾದರೂ ಪುಣ್ಯಾತ್ಗಿತ್ತಿ ನಮ್ಮ ಕೊಡ ತೆಗೆದುಕೊಂಡು ಹೋಗಿ ತುಂಬಿ ತಂದುಕೊಡಬೇಕು. ಅಷ್ಟರೊಳಗೆ ಕರೆಗಾರ್ತಿ ದಣಿದು ಹಾಡು ನಿಲ್ಲಿಸಿದರೆ ಆ ಹೊತ್ತಿಗೆ ನೀರಿಲ್ಲ.

ಅವ್ವ ತೀರಿಕೊಂಡ ಮೇಲೆ ನಾನು ಕಂಚಗಾರ ಮೋನಪ್ಪನ ಸಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಕುಲುಮೆಯ ತಿದಿ ಒತ್ತುವುದು, ಕಲಾಯಿಗೆ ಬಂದ ಪಾತ್ರೆ ಬೂದಿ ಹಾಕಿ ತಿಕ್ಕುವುದು ನನ್ನ ಕೆಲಸ. ಮೋನಪ್ಪ ಕುಳ್ಳ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಸಿಟ್ಟು ಬಂದಾಗ ಮನುಷ್ಯರನ್ನು ಬೈಯದೆ ಇಕ್ಕಳವನ್ನು ಬೈಯುತ್ತಿದ್ದ. ಅವನ ಹೆಂಡತಿ ಸಿದ್ದವ್ವ ಕರೆಗಾರ್ತಿಯರ ಮನೆಯ ಮಗಳು, ಮೇಲಿನ ಓಣಿಯ ಬಾವಿ ಅವಳದು. ನನ್ನ ಕೊಡವನ್ನು ಎಷ್ಟೋ ಸಲ ತುಂಬಿಕೊಟ್ಟವಳು ಅವಳೇ.

ಒಂದು ಬೇಸಿಗೆ ಸಿದ್ದವ್ವನಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಅದರ ಜೊತೆಗೆ ದನಿಯೂ ಹೋಯಿತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಬೇರೇನೂ ಇಲ್ಲ. ತಿಂಗಳು ಕಾದರು. ಮೇಲಿನ ಓಣಿಯ ಬಾವಿ ಅವಳ ತಂಗಿಗೆ ಹೋಯಿತು. ಆಮೇಲೊಂದು ಬೆಳಿಗ್ಗೆ ನಾನು ಬೇವಿನ ಗಿಡದ ಬುಡದಲ್ಲಿ ನಿಂತಿದ್ದಾಗ ಸಿದ್ದವ್ವ ಕೊಡ ಹಿಡಿದು ಬಂದು ನನ್ನ ಪಕ್ಕ ನಿಂತಳು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

ಸಂತೆಗೆಂದು ತಾಮ್ರದ ತಪ್ಪಲೆಗಳನ್ನು ಹೊತ್ತುಕೊಂಡು ಹೊರಟಿದ್ದ ಮೋನಪ್ಪ ಆ ದಾರಿಯಲ್ಲೇ ಬಂದ. ಹೆಂಡತಿಯನ್ನು ನೋಡಿದ. ತಲೆಯ ಮೇಲಿನ ಹೊರೆ ಇಳಿಸಿ ಅಲ್ಲೇ ರಸ್ತೆಯ ನಡುವೆ ಇಟ್ಟ. ಸ್ವಲ್ಪ ಹೊತ್ತು ನಿಂತು ಹೊರೆ ಎತ್ತಿಕೊಂಡು ಸಂತೆಗೆ ಹೋಗದೆ ಮನೆಗೆ ಹಿಂದಿರುಗಿದ. ನಾನು ಸಾಲೆಗೆ ಹೋದಾಗ ಕುಲುಮೆ ತಣ್ಣಗಿತ್ತು.

"ಬಾಳವ್ವಾ, ತಿದಿ ಒತ್ತು" ಎಂದ.

"ಬೆಂಕಿ ಇಲ್ಲಲ್ಲೋ ಅಣ್ಣಾ?"

"ಬೆಂಕಿ ಬ್ಯಾಡ. ಸುಮ್ಮ ಒತ್ತು. ನಾ ನೋಡಬೇಕಾಗೇತಿ."

ನಾನು ಒತ್ತಿದೆ. ಅವನು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ತಿದಿಯ ಬಾಯಿ ನೋಡಿದ. ಅಲ್ಲೊಂದು ತೊಗಲಿನ ನಾಲಿಗೆ ಇರುತ್ತದೆ. ತಿದಿ ಉಬ್ಬುವಾಗ ಅದು ತೆರೆದು ಗಾಳಿಯನ್ನು ಒಳಗೆ ಬಿಡುತ್ತದೆ, ಒತ್ತಿದಾಗ ಮುಚ್ಚಿಕೊಳ್ಳುತ್ತದೆ. ಬಂದ ಗಾಳಿ ಹಿಂದಕ್ಕೆ ಹೋಗಲಾರದೆ ಮುಂದಿನ ಕೊಳವೆಯಿಂದ ಬೆಂಕಿಗೆ ನುಗ್ಗುತ್ತದೆ. ಅದನ್ನು ನಾನು ದಿನಾ ಒತ್ತುತ್ತಿದ್ದೆ, ಒಂದು ದಿನವೂ ನೋಡಿರಲಿಲ್ಲ.

"ಬಂದ ಗಾಳಿ ಹೊಳ್ಳಿ ಹೋಗಂಗಿಲ್ಲ" ಎಂದ ಮೋನಪ್ಪ, ಮಲಗಿಕೊಂಡೇ. "ಬಂದ ನೀರು ಹೊಳ್ಳಿ ಹೋಗದಂಗ ಮಾಡಿದ್ರ?"

"ನಮ್ಮೂರ ನೀರು ಇಳಿಬಿಟ್ಟ ಕೊಡದಾಗಿಂದನ ಇಳದು ಹೋಗತೈತಿ. ಕೊಳವ್ಯಾಗ ನಿಂದ್ರತೈತೇನ?"

"ಕೊಡಕ್ಕ ಬಾಯಿ ಐತಿ. ಕೊಳವಿಗೆ ನಾ ಬಾಯಿ ಇಟ್ರಷ್ಟ ಬಾಯಿ."

ಆಮೇಲೆ ನಡೆದದ್ದನ್ನು ಊರು ನಗುತ್ತ ನೋಡಿತು. ಮೋನಪ್ಪ ಮನೆಯ ಹಂಡೆ, ತಪ್ಪಲೆ, ಕೊನೆಗೆ ಮದುವೆಯಲ್ಲಿ ಬಂದ ತಾಮ್ರದ ಕೊಡವನ್ನೂ ಬಡಿದು ಹಾಳೆ ಮಾಡಿ ಕೊಳವೆ ಸುತ್ತಿದ. ಅವನ ಹಿತ್ತಲಿನಲ್ಲಿ ಒಂದು ಹಾಳು ಬಾವಿಯಿತ್ತು. ಎಂಥ ಕರೆಗಾರ್ತಿಗೂ ಒಲಿಯದ್ದೆಂದು ಹಿಂದಿನವರು ಕೈಬಿಟ್ಟದ್ದು. ಅದರೊಳಗೆ ಕೊಳವೆ ಇಳಿಸಿ, ತೊಗಲಿನ ನಾಲಿಗೆ ಕೂರಿಸಿ, ಮೇಲೆ ಒತ್ತಲು ಹಿಡಿಕೆ ಹಚ್ಚಿದ. ಮೊದಲ ಸಲ ಬೆಸುಗೆ ಬಿಟ್ಟಿತು. ಎರಡನೆಯ ಸಲ ತೊಗಲಿನ ನಾಲಿಗೆ ನೀರಿಗೆ ನೆನೆದು ಕೊಳೆತು ವಾಸನೆ ಹೊಡೆಯಿತು. ಆಮೇಲೆ ಒಮ್ಮೆ ಹಿಡಿಕೆ ಮುರಿದು ನನ್ನ ಗಲ್ಲಕ್ಕೆ ಬಡಿದು ಒಂದು ಹಲ್ಲು ಹೋಯಿತು. ಓಣಿಯವರು ಬಂದು ಬೇಲಿಯಾಚೆ ನಿಂತು, "ಏನ್ ಮೋನಪ್ಪಾ, ಬಾವಿಗೆ ಹುಕ್ಕಾ ಸೇದಸಾಕತ್ತೀಯೇನು?" ಎಂದು ಕೇಳುತ್ತಿದ್ದರು. ಅವನು ತಿರುಗಿ ಮಾತಾಡದೆ ಇಕ್ಕಳವನ್ನು ಬೈಯುತ್ತಿದ್ದ. ನನಗೇ ಬೇಸರ ಬಂದು, "ಸಾಕ್ ಮಾಡೋ ಅಣ್ಣಾ, ಉಣ್ಣಾಕ ಗಂಗಾಳ ಉಳಿದಿಲ್ಲ" ಎಂದೆ. "ಗಂಗಾಳ ಅದಾವೇನು ಇನ್ನಾ? ತಗೊಂಡ್ ಬಾ" ಎಂದ.

ಗಂಗಾಳಗಳೂ ಹೋದವು. ಎಣ್ಣೆಯಲ್ಲಿ ಅದ್ದಿ ಹದ ಮಾಡಿದ ಎಮ್ಮೆಯ ತೊಗಲನ್ನು ಈ ಸಲ ಹಾಕಿದ್ದ. ಉರಿಬಿಸಿಲಿನ ಮಧ್ಯಾಹ್ನ. ನಾನು ಹಿಡಿಕೆ ಹಿಡಿದು ಎತ್ತಿ ಇಳಿಸಿ, ಎತ್ತಿ ಇಳಿಸಿ, ತೋಳು ಸೋತು ಬಿಡಬೇಕು ಎನ್ನುವಷ್ಟರಲ್ಲಿ ಹಿಡಿಕೆ ಭಾರವಾಯಿತು. ಕೆಳಗಿನಿಂದ ಯಾರೋ ಹಿಡಿದುಕೊಂಡಂತೆ. "ಅಣ್ಣಾ, ಯಾರೋ ಜಗ್ಗಾಕತ್ತಾರ" ಎಂದು ಕೂಗಿದೆ. "ಬಿಡಬ್ಯಾಡ, ಒತ್ತು, ಒತ್ತು" ಎಂದು ಅವನು ಓಡಿಬಂದ. ಇಬ್ಬರೂ ಸೇರಿ ಒತ್ತಿದೆವು. ಕೊಳವೆ ಕೆಮ್ಮಿತು. ಕೆಂಪು ಕೆಸರು ಬಂತು, ಅದರ ಹಿಂದೆ ಒಂದು ಸತ್ತ ಕಪ್ಪೆ ಬಂತು, ಅದರ ಹಿಂದೆ ನೀರು. ತಣ್ಣನೆಯ, ಕಣ್ಣಿನಂಥ ನೀರು. ಯಾರೂ ಹಾಡಿರಲಿಲ್ಲ. ಸಿದ್ದವ್ವ ಒಳಗಿನಿಂದ ಬಂದವಳು ಮೊದಲು ಅದರ ಕೆಳಗೆ ಕೈ ಹಿಡಿದಳು, ಆಮೇಲೆ ತಲೆಯನ್ನೇ ಹಿಡಿದಳು. ಸೀರೆ ಉಟ್ಟಂತೆಯೇ ಆ ನೀರಿನ ಕೆಳಗೆ ಕೂತು ದನಿಯಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಮೋನಪ್ಪ ಗೋಡೆಗೆ ಒರಗಿ ಕೂತು, ಜೀವನದಲ್ಲಿ ಮೊದಲ ಸಲ ಇಕ್ಕಳವನ್ನು ಹೊಗಳಿದ.

ಸಂಜೆಯೊಳಗೆ ಊರೆಲ್ಲ ಬಂತು. ಬೇಲಿಯಾಚೆ ನಕ್ಕವರೇ ಕೊಡ ಹಿಡಿದು ಬಂದರು. ಬೇವಿನ ಗಿಡದ ಬುಡದವರು ಎಲ್ಲರಿಗಿಂತ ಮೊದಲು ಬಂದಿದ್ದರು, ಅವರಿಗೆ ಹೆದರಿಕೆ ಕಡಿಮೆ. ಜನ ಅದಕ್ಕೆ ಕೈಬಾವಿ ಎಂದು ಹೆಸರಿಟ್ಟರು. ನನ್ನನ್ನು ಯಾರೂ ದೂರ ನಿಲ್ಲು ಎನ್ನಲಿಲ್ಲ, ಎನ್ನುವ ಹಾಗಿರಲಿಲ್ಲ. ಹಿಡಿಕೆ ನನ್ನ ಕೈಯಲ್ಲಿತ್ತು.

ಮರುದಿನ ಹಂಪವ್ವ ಬಂದಳು. ಅವಳ ಹಿಂದೆ ಮಗ ಚಂಬಣ್ಣ, ಇನ್ನಷ್ಟು ಕರೆಗಾರ್ತಿಯರ ಮನೆಯವರು. ಅವಳು ಕೈಬಾವಿಯನ್ನು ಸುತ್ತು ಹಾಕಿ ನೋಡಿದಳು.

"ಎಷ್ಟೊತ್ತನಾ ಬರತೈತಿ?" ಎಂದು ಕೇಳಿದಳು.

"ಒತ್ತೂತನಾ ಬರತೈತಿ ಯವ್ವಾ" ಎಂದ ಮೋನಪ್ಪ.

"ಗಂಟಲಾ ಕಟ್ಟಿದ್ರ?"

"ಇದಕ್ಕ ಗಂಟಲಿಲ್ಲ."

ಹಂಪವ್ವ ನನ್ನ ಕಡೆ ನೋಡಿದಳು. ನಾನು ಹಿಂದೆ ಸರಿದೆ, ಅಭ್ಯಾಸ. ಅವಳು ಹಿಡಿಕೆ ಹಿಡಿದು ಒತ್ತಿದಳು. ನೀರು ಬಂತು. ಬೊಗಸೆಯಲ್ಲಿ ಹಿಡಿದು ಕುಡಿದಳು. ಬಾಯಿ ಒರೆಸಿಕೊಂಡಳು.

"ನಮ್ಮ ಹೊಟ್ಟೀ ಮ್ಯಾಲೆ ಹೊಡದಿ ಮೋನಪ್ಪಾ" ಎಂದಳು. "ಹೊಡದಿ ಖರೆ, ಆದ್ರ ಛಲೋ ಹೊಡದಿ."

ಅವಳು ಹಾಗೆ ಹೇಳಿ ಹೋದಳು. ಮಗನಿಗೆ ಹಾಗೆ ಹೇಳಿ ಹೋಗುವ ಮನಸ್ಸಿರಲಿಲ್ಲ. ಊರಗೌಡರು ಎಲ್ಲ ಓಣಿಗೂ ಒಂದೊಂದು ಕೈಬಾವಿ ಮಾಡಿಸುತ್ತೇವೆಂದು ಹೇಳಿದ್ದೇ ತಡ, ಕರೆಗಾರ್ತಿಯರ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಅವರ ತಪ್ಪೇನೂ ಇರಲಿಲ್ಲ. ಅವರಿಗೆ ಹೊಲವಿರಲಿಲ್ಲ, ಅವರ ಹೊಲ ಅವರ ಕೊರಳು. ಮುಂದಿನ ಸುಗ್ಗಿಗೆ ಆಯ ಯಾರು ಕೊಡುತ್ತಾರೆ? ಹೆರಿಗೆಗೆ ಕಾದಿದ್ದ ಹೆಂಡತಿ ಚಂಬಣ್ಣನ ಮನೆಯಲ್ಲಿದ್ದಳು. ನಾನು ಅವನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಅವನು ನಾಲ್ಕಾರು ಜನರನ್ನು ಕಟ್ಟಿಕೊಂಡು ಹಾರೆ ಹಿಡಿದು ಬಂದ. ನಡುಮಧ್ಯಾಹ್ನ, ಮೋನಪ್ಪ ಊಟಕ್ಕೆ ಕೂತಿದ್ದ. ನಾನು ಹಿಡಿಕೆಯ ಮುಂದೆ ಅಡ್ಡ ನಿಂತು ಕಿರುಚಿದೆ. ನನ್ನ ಕೊರಳಿನ ಬಗ್ಗೆ ಮೊದಲೇ ಹೇಳಿದೆನಲ್ಲ, ಹಾರೆ ಎತ್ತಿದವರು ಒಂದು ಗಳಿಗೆ ಹಾಗೇ ನಿಂತುಬಿಟ್ಟರು. ಅಷ್ಟರಲ್ಲಿ ಮೋನಪ್ಪ ಎಂಜಲುಗೈಯಲ್ಲಿ ಓಡಿಬಂದು ಕೊಳವೆಯನ್ನು ತಬ್ಬಿಕೊಂಡ. ಚಂಬಣ್ಣನ ಹಾರೆ ಇಳಿಯಿತು. ಹಿಡಿಕೆಗೆ ಬೀಳಬೇಕಾದದ್ದು ಮೋನಪ್ಪನ ಬಲಗೈಗೆ ಬಿತ್ತು. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಚಂಬಣ್ಣನಿಗೂ ಕೇಳಿಸಿರಬೇಕು. ಹಾರೆ ಕೆಳಗೆ ಹಾಕಿ, ಬಿಳಿಚಿಕೊಂಡ ಮುಖದಲ್ಲಿ, "ನಾ ಅದಕ್ಕ ಹೊಡಿಯಾಕ ಹೋಗಿದ್ನೆಪಾ, ನಿನಗಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಉಳಿದವರು ಓಡಿಹೋಗಿದ್ದರು. ಅವನು ಓಡಲಿಲ್ಲ.

ಮರುದಿನ ಚಾವಡಿಯಲ್ಲಿ ಊರು ಸೇರಿತು. ಮೋನಪ್ಪನ ಕೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ಗೌಡರು ಚಂಬಣ್ಣನಿಗೆ ಏನು ಶಿಕ್ಷೆ ಎಂದು ಕೇಳುವ ಮೊದಲೇ ಹಂಪವ್ವ ಎದ್ದು ನಿಂತಳು.

"ಇಂವ ಮುರದದ್ದು ಕೈ. ಅದಕ್ಕ ಬದಲಿ ಇವನ ಎರಡೂ ಕೈ ಮೋನಪ್ಪಂಗ ಕೊಟ್ಟೀನಿ. ಅವನ ಕೈ ಕೂಡೂತನಾ ಅಲ್ಲ, ಅಂವ ಸಾಕಂದಾಗ ಸಾಕು. ಸಾಲ್ಯಾಗ ದುಡೀಲಿ" ಎಂದಳು. ಮೋನಪ್ಪ ಆಗಲಿ ಎಂದು ತಲೆ ಆಡಿಸಿದ. ಹಂಪವ್ವ ಊರವರ ಕಡೆ ತಿರುಗಿದಳು. "ಇನ್ನ ನನ್ನ ಮಾತು ಕೇಳ್ರಿ. ಕೈಬಾವಿ ಬ್ಯಾಡ ಅನ್ನಾಕ ನಾ ಬಂದಿಲ್ಲ. ನಾ ಕುಡದ ನೋಡೀನಿ, ಆ ನೀರಿನ್ಯಾಗ ಏನೂ ಕುಂದಿಲ್ಲ. ಆದ್ರ ನಮ್ಮವ್ವ, ಅವರವ್ವ, ಅವರವ್ವ ಈ ಊರಿಗೆ ನೀರು ಕೊಟ್ಟಾರ. ನೀವು ಉಂಡೀರಿ, ಮಿಂದೀರಿ, ಹೆಣಾ ತೊಳದೀರಿ. ಇವತ್ತ ಒಂದು ಕೊಳವಿ ಬಂತಂತ ನಮ್ಮನ್ನ ಮುಸುರಿ ನೀರ ಚೆಲ್ಲಿದಂಗ ಚೆಲ್ಲಬ್ಯಾಡ್ರಿ. ಪ್ರತಿ ಕೈಬಾವೀನೂ ಕರೆಗಾರ್ತಿ ಮನೀಯವರ ನಡಸಲಿ. ಆಯ ಮೊದಲಿನಂಗ ಬರಲಿ."

ಗೌಡರಿಗೆ ಸರಿ ಕಂಡಿತು. ಎಲ್ಲರಿಗೂ ಸರಿ ಕಂಡಿತು. ಮೋನಪ್ಪ ಕೂಡ, "ನ್ಯಾಯದ ಮಾತು" ಎಂದ. ನನಗೂ ಅದು ನ್ಯಾಯವೆಂದೇ ಅನಿಸಿತು. ಆದರೆ ನಾಳೆ ಹಿತ್ತಲಿನ ಕೈಬಾವಿಗೂ ಕರೆಗಾರ್ತಿಯರ ಮನೆಯ ಸೊಸೆ ಬರುತ್ತಾಳೆ. ನಾನು ಹಿಡಿಕೆ ಬಿಟ್ಟು ಎಲ್ಲಿ ನಿಲ್ಲಬೇಕು? ಚಾವಡಿಯಲ್ಲಿ ನನ್ನಂಥವರು ಬಾಯಿ ತೆರೆಯುವ ಪದ್ಧತಿಯೇ ಇರಲಿಲ್ಲ. ಆದರೂ ಎದ್ದೆ.

"ಯವ್ವಾ, ನಾ ಒಂದ್ ಕೇಳ್ತೀನಿ" ಎಂದೆ. ಎಲ್ಲರೂ ತಿರುಗಿ ನೋಡಿದರು, ಒಂದಿಬ್ಬರು ಕಿವಿ ಮುಚ್ಚಿಕೊಂಡರು. "ನೀರು ಕೊಳವ್ಯಾಗ ಬಂದ ಮ್ಯಾಲೂ ಬೇವಿನ ಗಿಡದ ಬುಡಕ ನಿಂದ್ರೂದು ನಾವಾ ಏನು? ಇದಕ್ಕ ಕೊರಳು ಬೇಕಿಲ್ಲ, ತೋಳು ಬೇಕು. ತೋಳು ನಮಗೂ ಅದಾವು. ಹಿಡಿಕಿ ಮುರದು ನನ್ನ ಹಲ್ಲ ಹೋತು, ಆಗ ಯಾವ ಕರೆಗಾರ್ತಿ ಮನೀಯವರೂ ಇರಲಿಲ್ಲ."

ಯಾರೋ "ಕುಂದ್ರ ಬೇ" ಎಂದರು. ನಾನು ಕೂರಲಿಲ್ಲ, ಕೂತರೆ ಮತ್ತೆ ಏಳಲಾರೆ ಎಂದು ಗೊತ್ತಿತ್ತು. ಹಂಪವ್ವ ನನ್ನ ಹತ್ತಿರ ಬಂದಳು. ಇಷ್ಟು ಹತ್ತಿರದಿಂದ ಅವಳ ಮುಖವನ್ನು ನಾನು ಎಂದೂ ನೋಡಿರಲಿಲ್ಲ.

"ನೀ ಹತ್ರ ಬಂದ್ರ ನೀರು ಇಳೀತೈತಿ ಅಂತಿದ್ರು" ಎಂದಳು. "ಖರೆ ಏನದು?"

"ನನಗ ಹ್ಯಾಂಗ ಗೊತ್ತಾಗಬೇಕು ಯವ್ವಾ? ಹತ್ರ ಬರಾಕ ಯಾರು ಬಿಟ್ಟಾರ?"

"ನನಗ ಗೊತ್ತೈತಿ. ಇಳಿಯಂಗಿಲ್ಲ." ಅವಳು ಊರಿಗೆಲ್ಲ ಕೇಳುವಂತೆ ಹೇಳಿದಳು. "ನನ್ನ ಕೂಡ ಹುಟ್ಟಿದಾಕಿ ಒಬ್ಬಾಕಿ ಹಿಂಗ ಇದ್ಲು. ನಾವು ಮನಿಯಾಗ ಮುಚ್ಚಿಟ್ಟಿದ್ವಿ. ನಾ ಕರಿಯೂ ಮುಂದ ನನ್ನ ಸೀರಿ ಹಿಡಕೊಂಡು ಬಗಲಾಗ ನಿಂದ್ರತಿದ್ಲು. ನೀರು ಒಂದ್ ದಿನಾನೂ ಇಳೀಲಿಲ್ಲ. ಆದ್ರ ಜನ ಹಂಗ ನಂಬಿದ್ರ ನಮಗ ಮರ್ಯಾದಿ ಹೆಚ್ಚು. ಅದಕ್ಕ ಯಾರೂ ಬಾಯಿ ಬಿಡಲಿಲ್ಲ." ಹಿಂದೆ ಕೂತಿದ್ದ ಕರೆಗಾರ್ತಿಯರಲ್ಲಿ ಗುಜುಗುಜು ಎದ್ದಿತು. ಅವಳು ಆ ಕಡೆ ನೋಡಲಿಲ್ಲ. "ಗೌಡ್ರ, ನನ್ನ ಮಾತು ತಿದ್ದಿಕೊಳ್ತೀನಿ. ಹಿಡಿಕಿಗೆ ಇಬ್ಬರು ಬೇಕು. ಒಬ್ಬಾಕಿ ನಮ್ಮ ಮನೀಯಿಂದ, ಒಬ್ಬಾಕಿ ಗಿಡದ ಬುಡದಿಂದ. ಆಯ ಸರಿಪಾಲು. ನಮ್ಮ ಹುಡುಗ್ಯಾರಿಗೆ ಒತ್ತೂದು ಕಲಸಾಕಿ ಬಾಳವ್ವ. ದೊಡ್ಡಬಾವಿಗೆ ಆಕೀನ ಬರಲಿ, ನನ್ನ ಜೋಡಿ."

ಅವಳು ಅದನ್ನು ಹೇಳಬೇಕಾಗಿರಲಿಲ್ಲ. ಬೇಕಾದದ್ದೆಲ್ಲ ಅದಾಗಲೇ ಅವಳಿಗೆ ಸಿಕ್ಕಿತ್ತು. ತನ್ನ ಕುಲದ ಮರ್ಯಾದೆಯನ್ನು ತಾನೇ ಚಾವಡಿಯಲ್ಲಿ ಬಿಚ್ಚಿಟ್ಟು ಅರ್ಧ ಪಾಲು ನಮಗೆ ಕೊಟ್ಟಳು. ಕೈಬಾವಿ ಮಾಡಿದ ಮೋನಪ್ಪ ದೊಡ್ಡವನು ಎಂದು ಊರು ಹೇಳುತ್ತದೆ, ನಾನೂ ಹೇಳುತ್ತೇನೆ. ಆದರೆ ಅಂದು ಚಾವಡಿಯಲ್ಲಿ ಹಂಪವ್ವ ಮಾಡಿದ ಕೆಲಸಕ್ಕೆ ಯಾವ ಇಕ್ಕಳವೂ ಸಾಲದು.

ಮಳೆಗಾಲ ಬರುವಷ್ಟರಲ್ಲಿ ಎಲ್ಲ ಓಣಿಗಳಲ್ಲೂ ಕೈಬಾವಿ ಬಂದವು. ಮೋನಪ್ಪ ಕೂತು ಹೇಳುವುದು, ಚಂಬಣ್ಣ ಬಡಿಯುವುದು. ಶುರುವಿನಲ್ಲಿ ಚಂಬಣ್ಣ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಸಿದ್ದವ್ವ ಅವನ ಮುಂದೆ ರೊಟ್ಟಿ ಇಡುವಾಗ ಸಪ್ಪಳ ಬರುವಂತೆ ಇಡುತ್ತಿದ್ದಳು. ಆಮೇಲೆ ಅವನಿಗೇ ಹುಚ್ಚು ಹಿಡಿಯಿತು. ಹಿಡಿಕೆ ಉದ್ದ ಮಾಡಿದರೆ ಒತ್ತುವವರಿಗೆ ಹಗುರ ಎಂದು ಕಂಡುಹಿಡಿದವನು ಅವನೇ. ಮೋನಪ್ಪನ ಕೈ ಕೂಡಿತು, ಸೊಟ್ಟಗೆ ಕೂಡಿತು. ಅವನು ಸಾಕು ಎನ್ನಲಿಲ್ಲ, ಚಂಬಣ್ಣನೂ ಕೇಳಲಿಲ್ಲ. ಇಬ್ಬರೂ ಸೇರಿ ಇಕ್ಕಳವನ್ನು ಬೈಯತೊಡಗಿದರು.

ಕೈಬಾವಿ ಕೂರಿಸಿದ ಮೇಲೆ ಬಾವಿಗಳ ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಿದರು, ಕಸ ಬೀಳಬಾರದೆಂದು. ಕರೆಗಾರ್ತಿಯರ ಮನೆಯ ಹುಡುಗಿಯರು ಕೊರಳಿನ ಬಟ್ಟೆ ಬಿಚ್ಚಿ ಎಸೆದರು. ಹುಣಸೆಕಾಯಿಗೆ ಉಪ್ಪು ಖಾರ ಹಚ್ಚಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತ ಹೊಟ್ಟೆ ಹಿಡಿದು ನಗುವುದನ್ನು ನೋಡಬೇಕಾಗಿತ್ತು. ನಾನು ಹಿಡಿಕೆ ಒತ್ತುವುದನ್ನು ಕಲಿಸುವಾಗ ಅವರ ಬಾಯಿಯಿಂದ ಹುಳಿ ವಾಸನೆ ಬರುತ್ತಿತ್ತು. ನನ್ನ ಗಂಡನ ಮನೆಯವರೂ ಒಮ್ಮೆ ಬಂದರು, "ಆದದ್ದಾತು, ಬಾರವಾ ಮನೀಗೆ" ಎಂದರು. ಕೈ ಬಿಡುವಿಲ್ಲ ಎಂದು ಹೇಳಿ ಕಳಿಸಿದೆ.

ಆದರೆ ಊರಿನ ಬೆಳಗು ಬದಲಾಯಿತು, ಅದನ್ನೂ ಹೇಳಬೇಕು. ಮೊದಲೆಲ್ಲ ಎಚ್ಚರವಾಗುತ್ತಿದ್ದದ್ದು ಹಂಪವ್ವನ ದನಿಗೆ. ಬೇವಿನ ಗಿಡದ ಬುಡದಲ್ಲಿ ನಿಂತು ಕಣ್ಣೀರು ಹಾಕುವಾಗಲೂ ಆ ದನಿ ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ಈಗ ಕಿರ್‌ ಧಡ್‌, ಕಿರ್‌ ಧಡ್‌ ಎಂಬ ಹಿಡಿಕೆಯ ಸಪ್ಪಳ. ಮುದುಕರು ಎದ್ದು ಕೂತು ಏನೋ ಕಳೆದವರಂತೆ ಅತ್ತಿತ್ತ ನೋಡುತ್ತಿದ್ದರು. ಹಂಪವ್ವ ದಿನಾ ಬೆಳಿಗ್ಗೆ ನನ್ನ ಎದುರು ನಿಂತು ಹಿಡಿಕೆಗೆ ಕೈ ಹಚ್ಚುತ್ತಿದ್ದಳು, ಗಂಡಸರಿಗಿಂತ ಚೆನ್ನಾಗಿ ಒತ್ತುತ್ತಿದ್ದಳು. ಹಾಡುವುದಿರಲಿ, ಮಾತು ಕೂಡ ಕಡಿಮೆಯಾಯಿತು. ಒಮ್ಮೆ, "ಯವ್ವಾ, ಕರಿಯಬೇಕು ಅನಸೂದಿಲ್ಲೇನು?" ಎಂದು ಕೇಳಿದೆ. "ಯಾರನ್ನ ಕರೀಲಿ? ಬರಾಕ ಯಾರದಾರ?" ಎಂದಳು.

ಚಂಬಣ್ಣನ ಹೆಂಡತಿ ಹಡೆದಳು. ಹೆಣ್ಣು ಕೂಸು, ಬಲು ಅಳುಬುರುಕಿ. ಸೊಸೆಗೆ ಮೈಯಲ್ಲಿ ಕಸುವಿಲ್ಲದೆ ಹಂಪವ್ವ ಕೂಸನ್ನು ಬಗಲಲ್ಲಿ ಹಾಕಿಕೊಂಡೇ ದೊಡ್ಡಬಾವಿಗೆ ಬರತೊಡಗಿದಳು. ಅಂಥ ದಿನ ನಾನೊಬ್ಬಳೇ ಒತ್ತುತ್ತಿದ್ದೆ, ಅವಳು ಚಪ್ಪಡಿಯ ಮೇಲೆ ಕೂತು ಕೂಸನ್ನು ಸಂಭಾಳಿಸುತ್ತಿದ್ದಳು. ಒಂದು ಸಂಜೆ ಆ ಕೂಸು ಏನು ಮಾಡಿದರೂ ಸುಮ್ಮನಾಗಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ತಲೆಗೊಂದು ಮಾತು ಹೇಳಿದರು. ಹೊಟ್ಟೆಗೆ ಎಣ್ಣೆ ಹಚ್ಚು ಎಂದರು, ದೃಷ್ಟಿ ತೆಗಿ ಎಂದರು. ಹಂಪವ್ವ ಬೇಸತ್ತು ಕಣ್ಣು ಮುಚ್ಚಿದಳು. ಅವಳ ಕೊರಳಿನಿಂದ ಆ ದನಿ ಹೊರಟಿತು.

ಸಾಲಿನಲ್ಲಿದ್ದವರೆಲ್ಲ ಒಮ್ಮೆಲೇ ಕೊಡ ಎತ್ತಿಕೊಂಡು ಬಾವಿಯ ಬಾಯಿಯತ್ತ ನುಗ್ಗಿದರು. ಅಲ್ಲಿ ಚಪ್ಪಡಿ ಇತ್ತು. ಕೆಳಗಿನ ನೀರಿಗೆ ಕೇಳಿಸಲಿಲ್ಲವೋ ಏನೋ, ಒಂದು ಹನಿಯೂ ಮೇಲೆ ಬರಲಿಲ್ಲ. ಕೂಸು ಮಾತ್ರ ಅಳು ನಿಲ್ಲಿಸಿ ಅಜ್ಜಿಯ ಬಾಯಿಯನ್ನೇ ನೋಡುತ್ತಿತ್ತು. ನಮ್ಮೂರಿನಲ್ಲಿ ಆವರೆಗೆ ಯಾವ ಕೂಸೂ ಹಾಡು ಕೇಳಿ ಮಲಗಿರಲಿಲ್ಲ, ತಟ್ಟಿ ತಟ್ಟಿ ಮಲಗಿಸುತ್ತಿದ್ದೆವು. ಹಂಪವ್ವ ಕಣ್ಣು ತೆರೆದಳು. ಚಪ್ಪಡಿಯನ್ನು ನೋಡಿದಳು, ಕೂಸನ್ನು ನೋಡಿದಳು. ಮತ್ತೆ ದನಿ ಎತ್ತಿದಾಗ ಅದರೊಳಗೆ ಒಂದು ಮಾತು ಬಂತು. ಎಡವುತ್ತ, ನಡೆಯಲು ಕಲಿಯುವವರಂತೆ, ಇನ್ನೊಂದು ಬಂತು.

"ಸುಮ್ಮನಿರ ನನ ಕೂಸ, ಸಂಜ್ಯಾತು ಸುಮ್ಮನಿರ,
ನೀರ ಕರಿಯೂ ಕೆಲಸಿಲ್ಲ, ನಿದ್ದೀನ ಕರದೇನ."

ಸಿದ್ದವ್ವ ನನ್ನ ಪಕ್ಕದಲ್ಲೇ ಕೊಡ ಹಿಡಿದು ನಿಂತಿದ್ದಳು. ದನಿಯಿಲ್ಲದ ಅವಳ ತುಟಿ ಆ ಮಾತುಗಳನ್ನು ಒಂದೊಂದಾಗಿ ಹಿಡಿದು ಹೇಳಿಕೊಳ್ಳುತ್ತಿತ್ತು. ಕೂಸಿನ ರೆಪ್ಪೆ ಭಾರವಾಯಿತು. ನನ್ನ ಸಪ್ಪಳಕ್ಕೆ ಅದು ಎಲ್ಲಿ ಎಚ್ಚರಾದೀತೋ ಎಂದು ನಾನು ಹಿಡಿಕೆ ನಿಲ್ಲಿಸಿ ಸುಮ್ಮನೆ ನಿಂತೆ.

ಹಂಪವ್ವ ಹಾಡಿನ ನಡುವೆಯೇ ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು.

"ಯಾಕ ನಿಲ್ಲಿಸಿದಿ? ಒತ್ತ ಬಾಳವ್ವಾ. ತಾಳ ತಪ್ಪಾಕತ್ತೈತಿ."